ಬ್ಯಾಂಕಿಗೆ ಆಟಿ ಉಂಟಾ?

ಪೇಜ್‌ಮೇಕರ್ ಎಂಬ ತಂತ್ರಾಂಶ ಸತ್ತು ವರ್ಷಗಳೇ ಆದವು. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದೇ ವರ್ಷ ಬಂದ ವಿಂಡೋಸ್ ಎಕ್ಸ್‌ಪಿಯನ್ನು 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟಿತು. ಆದರೆ ನಮ್ಮ ತಾಲೂಕಿನಲ್ಲಿ ಇವೆರಡಕ್ಕೂ ಇನ್ನೂ ಆಯುಷ್ಯ ಉಂಟು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಉರೂಸ್ ಪೋಸ್ಟರ್, ಹಾಲಿನ ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಅವುಗಳ ಹೊಟ್ಟೆಯಿಂದಲೇ ಹುಟ್ಟುತ್ತವೆ. ನಾವು ನಾಲ್ವರು ಗೆಳೆಯರು ಓದು ಮುಗಿಸಿ ಹೊರಡಿಸಿದ ಎಂಟು ಪುಟದ ಮಾಸಪತ್ರಿಕೆಯೂ ಹಾಗೇ ಹುಟ್ಟಿತು.

ನಮ್ಮ ಪುಟ ಕಟ್ಟುತ್ತಿದ್ದದ್ದು ಒಬ್ಬ ಬ್ಯಾರಿ ಸಾಹೇಬರ ಡಿಟಿಪಿ ಅಂಗಡಿಯಲ್ಲಿ. ಊರಿಗೆಲ್ಲ ಅವರು ಕಾಕ. ಪೆಂಟಿಯಮ್ ಫೋರ್ ಕಂಪ್ಯೂಟರು, ಹಿಂದೆ ಉಬ್ಬಿದ ಹಳೇ ಮಾನಿಟರು, ಕೀಲಿಗಳ ಅಕ್ಷರವೆಲ್ಲ ಸವೆದುಹೋದ ಕೀಬೋರ್ಡು. ಇಂಟರ್‌ನೆಟ್ ಸಂಪರ್ಕ ಇಲ್ಲ. "ಇದ್ದರೆ ತಾನೆ ವೈರಸ್ ಬರುದು" ಎನ್ನುತ್ತಿದ್ದರು.

ಪೇಟೆಯಲ್ಲಿ ಇದಕ್ಕೆ ಒಂದು ಸುಲಭದ ವಿವರಣೆ ಇತ್ತು. "ಅವರ ಧರ್ಮದಲ್ಲಿ ಸಾಲ ಮಾಡಲಿಕ್ಕಿಲ್ಲ, ಬಡ್ಡಿ ಕೊಡಲಿಕ್ಕಿಲ್ಲ, ಮತ್ತೆ ಹೊಸ ಕಂಪ್ಯೂಟರ್ ಎಲ್ಲಿಂದ ಬರ್ತದೆ?" ಹೀಗೆ ಹೇಳುವವರಲ್ಲಿ ಕೆಲವರದ್ದು ತಮಾಷೆ, ಕೆಲವರದ್ದು ತಮಾಷೆಯಲ್ಲ. ಇಸ್ಲಾಮಿಗೂ ಬಂಡವಾಳಕ್ಕೂ ಆಗಿಬರುವುದಿಲ್ಲ, ಅದಕ್ಕೇ ಅವರು ಹಿಂದುಳಿದದ್ದು ಎಂಬ ದೊಡ್ಡ ವಾದದ ಸಣ್ಣ ರೂಪ ಇದು. ನನಗೆ ಇದು ಸರಿ ಕಾಣಲಿಲ್ಲ. ಮೊದಲ ಕಾರಣ ಕಣ್ಣೆದುರೇ ಇತ್ತು. ಅದೇ ರಸ್ತೆಯಲ್ಲಿ ಇನ್ನೂ ಎರಡು ಡಿಟಿಪಿ ಅಂಗಡಿಗಳಿವೆ, ಒಂದು ಭಟ್ಟರದ್ದು, ಇನ್ನೊಂದು ಕ್ರಿಶ್ಚಿಯನ್ನರದ್ದು. ಅಲ್ಲಿಯೂ ಎಕ್ಸ್‌ಪಿಯೇ. ಅವರನ್ನು ಯಾರೂ ಧರ್ಮದ ಹೆಸರು ಹಿಡಿದು ಕೇಳುವುದಿಲ್ಲ.

ಹಳೇ ಯಂತ್ರಕ್ಕೆ ಅಂಟಿಕೊಳ್ಳುವುದಕ್ಕೆ ನಮ್ಮ ಭಾಷೆಯದ್ದೇ ಕಾರಣ ಉಂಟು. ನುಡಿಯ ಹಳೇ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ, ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಯೂನಿಕೋಡಿಗೆ ಹೋಗಬೇಕಾದರೆ ತಂತ್ರಾಂಶ ಬದಲಾಗಬೇಕು, ಅದಕ್ಕೆ ವಿಂಡೋಸ್ ಬದಲಾಗಬೇಕು, ಅದಕ್ಕೆ ಯಂತ್ರ ಬದಲಾಗಬೇಕು. ಯಂತ್ರ ಬದಲಾದರೆ ಕಾಕನ ಹಳೇ ಪ್ರಿಂಟರಿಗೆ ಡ್ರೈವರ್ ಸಿಗುವುದಿಲ್ಲ. ಒಂದು ಕಲ್ಲು ತೆಗೆದರೆ ಇಡೀ ಪಾಗಾರ ಕುಸಿದ ಹಾಗೆ.

ಇನ್ನು ಧರ್ಮದ ಮಾತು. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ, ಎಂಬ ಪದದಿಂದ ಬಂತೆಂದು ಹೇಳುತ್ತಾರೆ. 14ನೇ ಶತಮಾನದಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತ, ಮಂಗಳೂರಿನಲ್ಲಿ ಪರ್ಷಿಯಾ, ಯೆಮನ್ ಕಡೆಯ ವರ್ತಕರು ಬಂದಿಳಿಯುವುದನ್ನೂ ಇಲ್ಲಿನ ಕಾಳುಮೆಣಸು, ಶುಂಠಿಯ ಸಮೃದ್ಧಿಯನ್ನೂ ಬರೆದಿಟ್ಟಿದ್ದಾನೆ. ಪ್ರವಾದಿ ಮುಹಮ್ಮದರೇ ಮೆಕ್ಕಾದ ವರ್ತಕರು. ಖದೀಜಾ ಅವರನ್ನು ಮದುವೆಯಾಗುವ ಮೊದಲು ಆಕೆಯ ಸರಕು ಹೊತ್ತು ಸಿರಿಯಾ ಕಡೆ ವ್ಯಾಪಾರಕ್ಕೆ ಹೋದವರು. ಕುರ್‌ಆನಿನ ಎರಡನೇ ಅಧ್ಯಾಯ ವ್ಯಾಪಾರವನ್ನು ಒಪ್ಪಿ ಬಡ್ಡಿಯನ್ನು ನಿಷೇಧಿಸುತ್ತದೆ. ಆ ಗ್ರಂಥದ ಅತಿ ಉದ್ದದ ವಚನ ಇರುವುದೂ ಅದೇ ಅಧ್ಯಾಯದಲ್ಲಿ. ಅದರ ವಿಷಯ ಸ್ವರ್ಗ ನರಕ ಅಲ್ಲ, ಸಾಲದ ಲೆಕ್ಕವನ್ನು ಸಾಕ್ಷಿ ಇಟ್ಟು ಬರೆದಿಡುವುದು ಹೇಗೆ ಎಂಬುದು. ತೂಕದಲ್ಲಿ ಮೋಸ ಮಾಡುವವರಿಗೆ ಎಚ್ಚರಿಕೆ ಕೊಡಲು ಒಂದು ಅಧ್ಯಾಯವೇ ಉಂಟು. ಶುಕ್ರವಾರದ ನಮಾಜಿಗೆ ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ಮುಗಿದ ಮೇಲೆ ಮತ್ತೆ ದುಡಿಯಲು ಹೋಗಿ ಎಂಬ ಅಪ್ಪಣೆಯೂ ಉಂಟು. ಕಾಕ ಶುಕ್ರವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಹೋಗುವುದು, ಎರಡು ಗಂಟೆಗೆ ಬಂದು ಮೇಲೆತ್ತುವುದು ಅದೇ ಲೆಕ್ಕದಲ್ಲಿ.

ಅಂದರೆ ಲಾಭಕ್ಕೆ ಅಡ್ಡಿಯಿಲ್ಲ. ಅಡ್ಡಿ ಇರುವುದು ಹಣ ತಾನೇ ತಾನಾಗಿ ಮರಿ ಹಾಕುವುದಕ್ಕೆ. ಬದಲಿಗೆ ಮುದಾರಬ ಎಂಬ ಕ್ರಮ ಉಂಟು. ಒಬ್ಬ ಹಣ ಹಾಕುತ್ತಾನೆ, ಇನ್ನೊಬ್ಬ ದುಡಿಯುತ್ತಾನೆ. ಲಾಭ ಬಂದರೆ ಮೊದಲೇ ಒಪ್ಪಿದಂತೆ ಪಾಲು. ನಷ್ಟವಾದರೆ ಹಣ ಹಾಕಿದವನ ಹಣ ಹೋಗುತ್ತದೆ, ದುಡಿದವನ ದುಡಿಮೆ ಹೋಗುತ್ತದೆ. ಇಬ್ಬರೂ ಬಂಡವಾಳ ಹಾಕಿದರೆ ಅದು ಮುಶಾರಕ, ನಷ್ಟವೂ ಬಂಡವಾಳದ ಪ್ರಮಾಣದಲ್ಲೇ.

ಹಾಗಾದರೆ ಹಿಂದುಳಿದದ್ದು ಯಾಕೆ? ಫ್ರಾನ್ಸಿನ ಮಾಕ್ಸಿಮ್ ರೊದಿನ್ಸೊನ್ 1966ರಲ್ಲಿ ಇದರ ಮೇಲೆ ಪುಸ್ತಕ ಬರೆದು, ಬಂಡವಾಳಶಾಹಿ ಬೆಳೆಯದ್ದಕ್ಕೆ ಧರ್ಮದ ಕಡೆ ಬೆರಳು ತೋರಿಸುವುದು ಸರಿಯಲ್ಲ ಎಂದರು. ಟರ್ಕಿ ಮೂಲದ ಅರ್ಥಶಾಸ್ತ್ರಜ್ಞ ತಿಮೂರ್ ಕುರಾನ್ 2010ರಲ್ಲಿ ಬೇರೆ ಉತ್ತರ ಕೊಟ್ಟರು. ಧರ್ಮಕ್ಕೆ ವ್ಯಾಪಾರದ ಮೇಲೆ ದ್ವೇಷ ಇರಲಿಲ್ಲ, ಆದರೆ ಕಾನೂನು ಸಂಸ್ಥೆಗಳನ್ನು ಸಣ್ಣದಾಗಿಯೇ ಇಟ್ಟಿತು ಎಂದು. ಪಾಲುದಾರ ಸತ್ತರೆ ಪಾಲುದಾರಿಕೆಯೂ ಸಾಯುತ್ತಿತ್ತು, ಆಸ್ತಿ ಹಲವು ವಾರಸುದಾರರಿಗೆ ಹಂಚಿಹೋಗುತ್ತಿತ್ತು. ಮನುಷ್ಯನ ಆಯುಷ್ಯ ಮೀರಿ ಬಾಳುವ ಕಂಪನಿ ಅಲ್ಲಿ ಹುಟ್ಟಲಿಲ್ಲ.

ಇಷ್ಟು ಓದಿದ್ದು ನನಗೆ ಉಪಯೋಗಕ್ಕೆ ಬಂದದ್ದು 2019ರಲ್ಲಿ. ಆ ವರ್ಷ ಕಾಕನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನಲು ಶುರುಮಾಡಿತು. ಅದರೊಳಗೆ ನಮ್ಮ ಪತ್ರಿಕೆಯ ಎಲ್ಲ ಸಂಚಿಕೆಗಳು, ಅದಕ್ಕೂ ಮೊದಲು ಊರಿನಲ್ಲಿ ಹುಟ್ಟಿ ಸತ್ತ ಎರಡು ವಾರಪತ್ರಿಕೆಗಳ ಪುಟಗಳು ಇದ್ದವು. ಹೊಸ ಕಂಪ್ಯೂಟರ್, ಪ್ರಿಂಟರ್, ಸ್ಕ್ಯಾನರ್ ಎಲ್ಲ ಸೇರಿ 60,000 ರೂಪಾಯಿ. ಬ್ಯಾಂಕಿನವರು ಸಾಲ ಕೊಡಲು ತಯಾರಿದ್ದರು. ಗಲ್ಫಿನಲ್ಲಿದ್ದ ಮಗ ಫೋನ್ ಮಾಡಿ ಕಂತಿನಲ್ಲಿ ತಗೊಳ್ಳಿ ಬಾಪ ಎಂದ.

ಕಾಕ ಒಪ್ಪಲಿಲ್ಲ. ಅವರ ಕಾರಣದಲ್ಲಿ ದೀನ್ ಇತ್ತು, ಆದರೆ ಬರೀ ದೀನ್ ಇರಲಿಲ್ಲ. "ಆಟಿ ತಿಂಗಳಲ್ಲಿ ಮದುವೆ ಇಲ್ಲ, ಕಾಗದ ಇಲ್ಲ, ನನಗೆ ಕೆಲಸ ಇಲ್ಲ. ಬ್ಯಾಂಕಿಗೆ ಆಟಿ ಉಂಟಾ ಮಾರಾಯ?"

ಬಡ್ಡಿಯಿಲ್ಲದ ಬ್ಯಾಂಕ್ ನಮ್ಮ ದೇಶದಲ್ಲಿಲ್ಲ. ಅಂಥ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಆ ಖಾಲಿ ಜಾಗದಲ್ಲಿ ಎಂಥವರು ಬಂದು ಕೂರುತ್ತಾರೆ ಎಂಬುದೂ 2019ರಲ್ಲೇ ಗೊತ್ತಾಯಿತು. ಹಲಾಲ್ ಲಾಭದ ಹೆಸರಿನಲ್ಲಿ ಬೆಂಗಳೂರಿನಲ್ಲಿ ಹಣ ಎತ್ತಿದ್ದ ಸಂಸ್ಥೆಯೊಂದು ಜೂನ್‌ನಲ್ಲಿ ಬಾಗಿಲು ಹಾಕಿತು. ಹಣ ಕಳೆದುಕೊಂಡವರು ಸಾವಿರಾರು ಮಂದಿ, ಹೆಚ್ಚಿನವರು ಕಾಕನಂಥವರೇ. ಪಾಲಿನ ಹೆಸರು ಇಟ್ಟ ಮಾತ್ರಕ್ಕೆ ಪಾಲು ಆಗುವುದಿಲ್ಲ. ಲೆಕ್ಕದ ಪುಸ್ತಕ ಪಾಲುದಾರನ ಕೈಗೆ ಸಿಗಬೇಕು.

ಕಾಕ ಹೇಳಿದ್ದು ಇಷ್ಟು. "ಅರ್ಧ ನಾನು ಹಾಕ್ತೇನೆ, ಅರ್ಧ ನೀವು ನಾಲ್ಕು ಜನ ಹಾಕಿ. ಕರೆಂಟು, ಶಾಯಿ, ನನ್ನ ದಿನದ ಕೂಲಿ ಕಳೆದು ಉಳಿದದ್ದು ಅರ್ಧ ಅರ್ಧ. ಮುಳುಗಿದರೂ ಅರ್ಧ ಅರ್ಧ." ಒಬ್ಬೊಬ್ಬರಿಗೆ 7,500 ರೂಪಾಯಿ. ಸುದ್ದಿಗೆ ಇಷ್ಟು ಎಂದು ಸಂಭಾವನೆ ಎಣಿಸುತ್ತಿದ್ದ ನನಗೆ ಅದು ಸಣ್ಣ ಮೊತ್ತವಲ್ಲ. ಎರಡು ವಾರ ಯೋಚಿಸಿ ಕೊಟ್ಟೆವು. ಕಾಕ ರೂಲ್ ಪುಸ್ತಕದಲ್ಲಿ ಬರೆದು, ಪಕ್ಕದ ಮೆಡಿಕಲ್ಲಿನ ಶೆಟ್ರನ್ನು ಕರೆದು ಸಾಕ್ಷಿ ಹಾಕಿಸಿದರು.

ನಾಲ್ಕು ತಿಂಗಳು ಪಾಲು ಬಂತು. ಆಮೇಲೆ 2020ರ ಮಾರ್ಚ್. ಛಾಪಿಸಿಟ್ಟ ಮದುವೆ ಕಾಗದಗಳನ್ನು ಜನ ತಗೊಂಡು ಹೋಗಲೂ ಬರಲಿಲ್ಲ. ಆ ಹೊತ್ತಿನಲ್ಲಿ ಬ್ಯಾಂಕುಗಳು ಸಾಲದ ಕಂತನ್ನು ಆಗಸ್ಟ್‌ವರೆಗೆ ಮುಂದೂಡಲು ಬಿಟ್ಟವು, ಆದರೆ ಬಡ್ಡಿ ಬೆಳೆಯುವುದು ನಿಲ್ಲಲಿಲ್ಲ. ಕಾಕನ ತಲೆಯ ಮೇಲೆ ಅದು ಇರಲಿಲ್ಲ. ನಮಗೆ ಮಾತ್ರ ತಿಂಗಳುಗಟ್ಟಲೆ ಪೈಸೆ ಬರಲಿಲ್ಲ. ನಮ್ಮಲ್ಲೊಬ್ಬ ಬೇಸತ್ತು ಹಣ ವಾಪಸ್ ಕೇಳಿದ, ಅವನ ಮನೆಯ ಕಷ್ಟವೂ ಸುಳ್ಳಾಗಿರಲಿಲ್ಲ. ಉಳಿದ ಮೂವರು ಸೇರಿಸಿ ಅವನ ಪಾಲು ಕೊಂಡೆವು. ಬಡ್ಡಿ ಬೇಡ ಎನ್ನುವುದು ಪುಕ್ಕಟೆ ಪುಣ್ಯದ ಮಾತಲ್ಲ ಎಂದು ಆಗ ಅರ್ಥವಾಯಿತು. ಬಡ್ಡಿ ತಪ್ಪಿದಾಗ ಅಪಾಯ ಮಾಯವಾಗುವುದಿಲ್ಲ, ಸಾಲಗಾರನ ತಲೆಯಿಂದ ಅರ್ಧ ಇಳಿದು ಹಣ ಕೊಟ್ಟವನ ತಲೆಗೆ ಬರುತ್ತದೆ. ಹಾಗೆ ಹೊರಲು ಹಣ ಕೊಟ್ಟವನಿಗೆ ದುಡಿಯುವವನ ಗುರುತು ಇರಬೇಕು, ಅವನ ಅಂಗಡಿಗೆ ಹೋಗಿ ಕೂತು ಚಹಾ ಕುಡಿಯುವಷ್ಟು ಹತ್ತಿರ ಇರಬೇಕು. ದೊಡ್ಡ ಕಾರ್ಖಾನೆಯನ್ನು ಹೀಗೆ ಕಟ್ಟಲಿಕ್ಕೆ ಆಗುವುದೋ ಇಲ್ಲವೋ, ಒಂದು ಡಿಟಿಪಿ ಅಂಗಡಿ ಉಳಿಯಿತು.

ಎಕ್ಸ್‌ಪಿಯನ್ನು ಕಾಕ ಇನ್ನೂ ಗುಜರಿಗೆ ಹಾಕಿಲ್ಲ. ಹಾರ್ಡ್ ಡಿಸ್ಕ್ ಬದಲಿಸಿ ಮೂಲೆಯ ಮೇಜಿನಲ್ಲಿಟ್ಟಿದ್ದಾರೆ. ಹಳೇ ಪುಟ ತೆರೆಯಲು ಅದೇ ಬೇಕು. ನಾನು ಭಾನುವಾರ ಹೋಗಿ ಒಂದೊಂದೇ ಸಂಚಿಕೆಯನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಅರ್ಕಾವತ್ತು ಬಂದಲ್ಲೆಲ್ಲ ಪರಿವರ್ತಕ ತಪ್ಪುತ್ತದೆ, ಕೈಯಲ್ಲೇ ತಿದ್ದಬೇಕು. ಊರಿನ ಹದಿನೈದು ವರ್ಷದ ಸುದ್ದಿ ಅಲ್ಲಿದೆ, ಮುಗಿದದ್ದು ಮೂರು ವರ್ಷದ್ದು.

ಕಳೆದ ತಿಂಗಳು ತಿಮೂರ್ ಕುರಾನ್ ಮಾತನ್ನು ಕಾಕನಿಗೆ ನನಗೆ ತಿಳಿದ ಹಾಗೆ ಹೇಳಿದೆ, ಪಾಲುದಾರ ಸತ್ತರೆ ಪಾಲೂ ಸಾಯುತ್ತದೆ ಎಂಬುದನ್ನು. ಅವರು ನಗಲಿಲ್ಲ. ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, "ನಾನು ಹೋದರೆ ಮಿಷಿನ್ ಯಾರಿಗೆ, ಪುಟಗಳು ಯಾರಿಗೆ, ಅದನ್ನೂ ಈಗಲೇ ಬರಿ. ಶೆಟ್ರು ಅಂಗಡಿಯಲ್ಲೇ ಇದ್ದಾರೆ" ಎಂದರು.