ಮೂರನೇ ಸಲದ ಅಕ್ಕಿ

ಸಿದ್ದಾಪುರದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಮೂರನೇ ವಾರ. 9ನೇ ತರಗತಿ, ಗೋಳದ ಘನಫಲ. ಮಾರ್ಗದರ್ಶಕ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು.

ಪಾಠೋಪಕರಣಕ್ಕೆ ನಾನು ಹೆಚ್ಚು ಹುಡುಕಬೇಕಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಊರು, ಸುತ್ತ ಭತ್ತದ ಗದ್ದೆ. ನೀರಿನ ಬದಲು ಎರಡು ಕಿಲೋ ಅಕ್ಕಿ ತಂದೆ. 14 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಚೆಂಡನ್ನು ಎರಡು ಹೋಳು ಮಾಡಿದೆ. ಅಷ್ಟೇ ವ್ಯಾಸ, ಅಷ್ಟೇ ಎತ್ತರದ ರಟ್ಟಿನ ಸಿಲಿಂಡರ್ ಅಂಟಿಸಿದೆ. (22/7ಕ್ಕೆ ಸಲೀಸಾಗಿ ಭಾಗವಾಗಲಿ ಎಂದೇ 14. ನಾವೆಲ್ಲ ಹಾಗೇ ತಾನೆ ಮಾಡುವುದು!) ಒಂದು ಹೋಳಿನಿಂದ ಮೂರು ಸಲ ಅಕ್ಕಿ ಸುರಿದರೆ ಸಿಲಿಂಡರ್ ತುಂಬಬೇಕು. ಆಗ ಅರ್ಧಗೋಳ ಸಿಲಿಂಡರಿನ ಮೂರನೇ ಒಂದು ಭಾಗ, ಪೂರ್ತಿ ಗೋಳ ಮೂರನೇ ಎರಡು ಭಾಗ. ಅಲ್ಲಿಂದ ಸೂತ್ರಕ್ಕೆ ಎರಡೇ ಹೆಜ್ಜೆ.

ಮೊದಲ ಸಲ ಅಂಗೈಯಿಂದ ಸವರಿ ಸಮ ಮಾಡಿ ಸುರಿದೆ. ಎರಡನೇ ಸಲವೂ ಹಾಗೆಯೇ. ಇನ್ನೊಂದು ಸಲಕ್ಕೆ ಇದು ತುಂಬುವುದಿಲ್ಲವೆಂದು ಆಗಲೇ ಗೊತ್ತಾಯಿತು. ಹಿಂದಿನ ಬೆಂಚು ನೆನಪಾಯಿತು. ಮೂರನೇ ಸಲ ಸವರಲಿಲ್ಲ, ಗುಡ್ಡೆಯಾಗಿಯೇ ಸುರಿದೆ. ಸಿಲಿಂಡರ್ ಅಂಚಿನವರೆಗೆ ತುಂಬಿತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಮೊದ್ಲ ಎರಡು ಸಲ ಕೈಲೆ ಸಮ ಮಾಡಿದ್ರಿ. ಮೂರನೇ ಸಲ ಯಾಕ ಮಾಡ್ಲಿಲ್ರಿ ಸರ್?" ಎಂದಳು ಎರಡನೇ ಸಾಲಿನ ಹುಡುಗಿ.

ಅಕ್ಕಿ ಅಳೆಯುವುದನ್ನು ನೋಡಿಯೇ ಬೆಳೆದ ಮಕ್ಕಳು. ಗುಡ್ಡೆ ಹಾಕಿದ ಸೇರಿಗೂ ಸಮ ಮಾಡಿದ ಸೇರಿಗೂ ಎಷ್ಟು ಫರಕು ಎಂದು ಅವರಿಗೆ ನಾನು ಹೇಳಿಕೊಡಬೇಕೆ? "ಕೂತ್ಕೋ, ಆಮೇಲೆ ಹೇಳ್ತೀನಿ" ಎಂದುಬಿಟ್ಟೆ. ಸೂತ್ರ ಬರೆದು ಪಾಠ ಮುಗಿಸಿದೆ. ಮಾರ್ಗದರ್ಶಕರ ಟಿಪ್ಪಣಿಯಲ್ಲಿ ಪಾಠೋಪಕರಣದ ಬಗ್ಗೆ ಹೊಗಳಿಕೆಯಿತ್ತು. ಕೊನೆಯಲ್ಲಿ ಒಂದು ಸಾಲು: "ಆ ಹುಡುಗಿಗೆ ಉತ್ತರ ಬಾಕಿ ಇದೆ."

ರಾತ್ರಿ ಹೋಳಿನ ಒಳಗಡೆ ಸ್ಕೇಲ್ ಇಟ್ಟು ನೋಡಿದೆ. ಒಳವ್ಯಾಸ 13.6. ಪ್ಲಾಸ್ಟಿಕ್ಕಿನ ದಪ್ಪ ಬರೀ 2 ಮಿ.ಮೀ., ಆದರೆ ತ್ರಿಜ್ಯ ಘನಕ್ಕೇರುತ್ತದಲ್ಲ! 7 ಸೆಂ.ಮೀ. ತ್ರಿಜ್ಯಕ್ಕೆ 1437 ಘನ ಸೆಂ.ಮೀ., 6.8ಕ್ಕೆ 1318. ನೂರಕ್ಕೆ ಎಂಟರಷ್ಟು ಖೋತಾ.

ಮರುದಿನ ತರಗತಿಯಲ್ಲಿ ಮೊದಲು ತಪ್ಪೊಪ್ಪಿಕೊಂಡೆ. ನಾಲಗೆ ಒಣಗಿತ್ತು, ಮಕ್ಕಳು ಮಾತ್ರ ನಕ್ಕು ಬಿಟ್ಟರು. ಲೆಕ್ಕವನ್ನು ಅವರಿಂದಲೇ ಮಾಡಿಸಿದೆ. ಆಮೇಲೆ ಮಹಾವೀರಾಚಾರ್ಯನ ವಿಷಯ ತೆಗೆದೆ. 9ನೇ ಶತಮಾನ, ಅಮೋಘವರ್ಷ ನೃಪತುಂಗನ ಕಾಲ. ನಮ್ಮ ಕೊಪ್ಪಳವನ್ನು ಕೋಪಣನಗರವೆಂದು ಹೆಸರಿಸುವ ಕವಿರಾಜಮಾರ್ಗವೂ ಅದೇ ಆಸ್ಥಾನದ್ದು. ತನ್ನ ಗಣಿತಸಾರಸಂಗ್ರಹದಲ್ಲಿ ಆತ ಗೋಳಕ್ಕೆ ಎರಡು ಲೆಕ್ಕ ಕೊಡುತ್ತಾನೆ. ವ್ಯವಹಾರಕ್ಕೆ ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು. ಸೂಕ್ಷ್ಮ ಬೇಕಾದರೆ ಅದರ ಹತ್ತರಲ್ಲಿ ಒಂಬತ್ತು ಭಾಗ, ಅಂದರೆ 4.05 ಪಟ್ಟು. ಈಗಿನ ಲೆಕ್ಕಕ್ಕೆ ಸುಮಾರು 4.19 ಪಟ್ಟು. 7 ಸೆಂ.ಮೀ. ತ್ರಿಜ್ಯಕ್ಕೆ ಅವನ ಉತ್ತರಗಳು 1543.5 ಮತ್ತು 1389. ಒಂದು ಹೆಚ್ಚು, ಒಂದು ಕಡಿಮೆ. ಭಾಸ್ಕರಾಚಾರ್ಯನ ಲೀಲಾವತಿಗೆ (1150) ಬರುವಷ್ಟರಲ್ಲಿ ಸೂತ್ರ ಸರಿಯಾಗಿದೆ: ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸು. "ಹಂಗಾರ ಅವ್ರೂ ಗುಡ್ಡಿ ಹಾಕಿದ್ರೇನ್ರಿ?" ಎಂದ ಒಬ್ಬ. ಇಲ್ಲ, ಆತ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದ ಎಂದೆ.

13.6ರ ಹೊಸ ಸಿಲಿಂಡರನ್ನು ಮಕ್ಕಳೇ ಅಂಟಿಸಿದರು. ಅಕ್ಕಿ ಸುರಿದದ್ದು ಅದೇ ಹುಡುಗಿ, ಮೂರೂ ಸಲ ಸವರಿ. ಅಂಚಿಗೆ ಮೂರು ಮಿ.ಮೀ. ಕಡಿಮೆ ಬಿತ್ತು. ಈ ಸಲ ಹಾಗೇ ಬಿಟ್ಟೆ. ರಟ್ಟು ಉಬ್ಬಿದೆ ಎಂದರು ಕೆಲವರು, ಚೆಂಡು ಕೊಯ್ಯುವಾಗ ಅಂಚು ಹೋಗಿದೆ ಎಂದರು ಇನ್ನು ಕೆಲವರು. 40 ನಿಮಿಷದ ಪಾಠ ಎರಡು ಅವಧಿ ತಿಂದಿತ್ತು.

ಗಂಟೆ ಹೊಡೆದ ಮೇಲೆ ಅವಳು ಮತ್ತೆ ಬಂದಳು. "ಮೂರೇ ಸಲ ಯಾಕ ತುಂಬ್ತೈತ್ರಿ?" ಅಕ್ಕಿ ಸುರಿದರೆ ಇದಕ್ಕೆ ಉತ್ತರ ಸಿಗದು. ಶನಿವಾರದ ಅವಧಿಗೆ ಶಂಕುವಿನಿಂದ ಶುರುಮಾಡಿ ಹೊಸ ಪಾಠ ಯೋಜನೆ ಬರೆಯತೊಡಗಿದೆ.