ಗುಮ್ಮಟದಿಂದ ಇಳಿದ ಗುಲಾಬಿ

ರೋಮ್ ನಗರದಲ್ಲಿ ಪ್ಯಾಂಥಿಯನ್ ಎಂಬ ಪುರಾತನ ಕಟ್ಟಡವಿದೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 126ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. 609ರಲ್ಲಿ ಅದನ್ನು ಕ್ರೈಸ್ತ ದೇವಾಲಯವನ್ನಾಗಿ ಮಾಡಿದರು. ಅದು ಇಂದಿಗೂ ಉಳಿದುಕೊಂಡಿರುವುದಕ್ಕೆ ಅದೇ ಕಾರಣವಿರಬೇಕು. ಅಲ್ಲಿ ವರ್ಷಕ್ಕೊಮ್ಮೆ ಸೂರಿನಿಂದ ಗುಲಾಬಿ ಮಳೆ ಸುರಿಯುತ್ತದೆಂದು ಮಗಳು ಫೋನಿನಲ್ಲಿ ಹೇಳಿದಾಗ ನಾನು ನಂಬಿರಲಿಲ್ಲ. ಓದಲೆಂದು ಆ ಊರಿನಲ್ಲಿದ್ದ ಅವಳನ್ನು ನೋಡಲು 2024ರ ಬೇಸಿಗೆ ರಜೆಯಲ್ಲಿ ಹೋಗಿದ್ದೆವು. ಮೇ 19, ಭಾನುವಾರ, ಆ ಮಳೆ ಬೀಳುವ ದಿನ.

ಬಲಿಪೂಜೆ ಹತ್ತೂವರೆಗೆ. ಬೆಳಿಗ್ಗೆ ಎಂಟಕ್ಕೇ ಸಾಲು ಉದ್ದವಾಗಿತ್ತು. "ತಿಂಡಿ ತಿಂದೇ ಹೊರಡೋಣ ಅಂದ್ರೆ ಕೇಳ್ಲಿಲ್ಲ ನೀವು" ಎಂದು ನಮ್ಮಾಕೆ ಗೊಣಗಿದ್ದು, ಮುಂದೆ ನಿಂತಿದ್ದ ಕನ್ಯಾಸ್ತ್ರೀಯೊಬ್ಬರ ಕಿವಿಗೆ ಬಿತ್ತು. ತಟ್ಟನೆ ತಿರುಗಿ, "ನೀವು ಕನ್ನಡದವರಾ? ಯಾವ ಊರಾಯ್ತು ನಿಮ್ಗೆ?" ಎಂದರು. ಮಂಗಳೂರಿನ ಕಡೆಯವರು. ಅಷ್ಟು ದೂರದಲ್ಲಿ ನಮ್ಮ ಮಾತು ಕಿವಿಗೆ ಬಿದ್ದಾಗ ಆಗುವ ಸಂತೋಷವನ್ನು ಅನುಭವಿಸಿಯೇ ತಿಳಿಯಬೇಕು.

ಹಬ್ಬದ ಅರ್ಥವನ್ನು ಹೇಳಿದ್ದೂ ಅವರೇ. ಪೆಂತೆಕೋಸ್ತ್ ಎಂದರೆ ಗ್ರೀಕ್ ಭಾಷೆಯಲ್ಲಿ ಐವತ್ತನೆಯದು. ಕನ್ನಡ ಬೈಬಲ್‌ನಲ್ಲಿ ಇದಕ್ಕೆ 'ಪಂಚಾಶತ್ತಮ' ಎಂಬ ಗಂಭೀರವಾದ ಹೆಸರಿದೆ. ಆ ವರ್ಷ ಈಸ್ಟರ್ ಮಾರ್ಚ್ 31ಕ್ಕೆ. ಅದನ್ನೂ ಸೇರಿಸಿ ಬೆರಳು ಮಡಚಿ ಎಣಿಸಿದೆ, ಸರಿಯಾಗಿ ಐವತ್ತು. ಯೇಸು ಸ್ವರ್ಗಕ್ಕೆ ಏರಿಹೋದ ಮೇಲೆ ಶಿಷ್ಯರು ಜೆರುಸಲೇಮಿನ ಒಂದು ಮನೆಯಲ್ಲಿ ಸೇರಿದ್ದರಂತೆ. ಬಿರುಗಾಳಿಯಂಥ ಸದ್ದಾಯಿತು. ಬೆಂಕಿಯ ನಾಲಿಗೆಗಳು ಇಳಿದು ಒಬ್ಬೊಬ್ಬರ ಮೇಲೂ ನಿಂತವು. ಪವಿತ್ರಾತ್ಮ ಇಳಿದು ಬಂದ ಬಗೆ ಅದು. ಹಬ್ಬಕ್ಕೆಂದು ಈಜಿಪ್ಟು, ಅರೇಬಿಯಾ, ಮೆಸೊಪೊಟೇಮಿಯಾಗಳಿಂದ ಬಂದವರೆಲ್ಲ ಆ ಗಲಿಲಾಯದವರ ಬಾಯಲ್ಲಿ ತಮ್ಮ ತಮ್ಮ ತಾಯ್ನುಡಿಯನ್ನೇ ಕೇಳಿ ಬೆರಗಾದರು. ಕೆಲವರು ಮಾತ್ರ, ಇವರು ಕುಡಿದಿದ್ದಾರೆಂದು ನಕ್ಕರು. ಆಗ ಪೇತ್ರನೆಂಬ ಶಿಷ್ಯ, ಇನ್ನೂ ಬೆಳಗಿನ ಒಂಬತ್ತು ಗಂಟೆಯಷ್ಟೇ ಎಂದು ಉತ್ತರ ಕೊಟ್ಟನಂತೆ. ನಗುವವರ ವಿಷಯ ಬಂದಾಗ ನನಗೆ ಏನೋ ಚುಚ್ಚಿದಂತಾಯಿತು. ಯಾಕೆಂದು ಆಗ ಹೊಳೆಯಲಿಲ್ಲ.

ಒಳಗೆ ಕಾಲಿಟ್ಟೊಡನೆ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತ. ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಒಂದು ಭಾರಿ ಚೆಂಡನ್ನು ಒಳಗೆ ಕೂರಿಸಬಹುದು! ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಇದೇ ಜಗತ್ತಿಗೆ ದೊಡ್ಡದು. ಮೇಲೆ ಹೋದಂತೆ ಗೋಡೆ ತೆಳುವಾಗುತ್ತದೆ, ಕಾಂಕ್ರೀಟಿಗೆ ಬೆರೆಸಿದ ಕಲ್ಲೂ ಹಗುರವಾಗುತ್ತದೆ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಬಯಲು ಕಂಡಿ. ಅದರೊಳಗೆ ಮಳೆ ಬೀಳುವುದಿಲ್ಲವೆಂಬುದು ಶುದ್ಧ ಸುಳ್ಳು. ಬಿದ್ದ ನೀರು ಹರಿದುಹೋಗಲು ನೆಲದಲ್ಲೇ ತೂತುಗಳಿವೆ.

ಪೂಜೆ ಇಟಾಲಿಯನ್ ಭಾಷೆಯಲ್ಲಿ ನಡೆಯಿತು. ಪ್ರವಚನದ ಒಂದಕ್ಷರವೂ ನನಗೆ ತಿಳಿಯಲಿಲ್ಲ. ಕೊನೆಗೆ ಗಾಯನ ಶುರುವಾದಾಗ ಎಲ್ಲರೂ ಕತ್ತೆತ್ತಿದರು. ಗುಮ್ಮಟದ ಮೇಲೇರಿ ಕಾದಿದ್ದ ಅಗ್ನಿಶಾಮಕ ದಳದವರು ಕಂಡಿಯಿಂದ ಕೆಂಪು ಗುಲಾಬಿಯ ಎಸಳುಗಳನ್ನು ಸುರಿಯತೊಡಗಿದರು. ಬೆಂಕಿ ಆರಿಸುವವರ ಕೈಯಿಂದಲೇ ಬೆಂಕಿಯ ನಾಲಿಗೆ! ನಮ್ಮ ಕನ್ನಡದ 'ಕೆನ್ನಾಲಿಗೆ' ಎಂಬ ಮಾತು ಇದಕ್ಕೆಂದೇ ಹುಟ್ಟಿದಂತಿತ್ತು.

ಅಲ್ಲಿಂದ ಕಲ್ಲು ಹಾಕಿದ್ದರೆ ಮೂರು ಸೆಕೆಂಡಿನಲ್ಲಿ, ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟುತ್ತಿತ್ತು. ಎಸಳುಗಳಿಗೆ ಅಂಥ ಅವಸರವೇ ಇರಲಿಲ್ಲ. ಗಾಳಿ ಅವನ್ನು ತಡೆಯುತ್ತಿತ್ತು, ಹೊರಳಿಸುತ್ತಿತ್ತು. ಕೆಲವು ಜನರ ಮೈಶಾಖಕ್ಕೆ ಬಿಸಿಯಾಗಿ ಏರುವ ಗಾಳಿಗೆ ಸಿಕ್ಕಿಯೋ ಏನೋ, ಅರೆಕ್ಷಣ ಮೇಲಕ್ಕೇ ಹೋದವು. ಆಗ ನೆನಪಾದ, ಆ ಹುಡುಗ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹಗುರವಾಗಲಿ ಭಾರವಾಗಲಿ ಎಲ್ಲ ವಸ್ತುಗಳೂ ಒಂದೇ ರೀತಿ ಬೀಳುತ್ತವೆಂದು ಪಾಠ ಮಾಡುತ್ತಿದ್ದೆ. ಲಂಬಾಣಿ ತಾಂಡಾದ ಹುಡುಗನೊಬ್ಬ ಎದ್ದು, "ಎಲೆ ಹಂಗೆ ಬೀಳಲ್ಲ ಸಾ" ಎಂದ. ಮತ್ತೆ ಹೇಗೆ ಎಂದು ಕೇಳಿದೆ. ಕನ್ನಡದ ಮಾತು ಸಿಗದೆ, ಅಂಗೈಯನ್ನು ಅತ್ತಿತ್ತ ತೂಗುತ್ತ ತನ್ನ ಮನೆಮಾತಿನ ಒಂದು ಶಬ್ದ ಹೇಳಿದ. ತರಗತಿ ಗೊಳ್ಳೆಂದಿತು. ಸುಮ್ಮನಿರಿಸಬೇಕಾದ ನಾನೂ ನಕ್ಕುಬಿಟ್ಟೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಳಿಯನ್ನು ಮರೆತಿದ್ದವನು ನಾನು. ಆ ವರ್ಷವೆಲ್ಲ ಅವನು ಮತ್ತೆ ಬಾಯಿ ತೆರೆಯಲಿಲ್ಲ.

"ಯಾಕೆ ಮಾಷ್ಟ್ರೇ, ಕಣ್ಣಲ್ಲಿ ನೀರು?" ಎಂದರು ಸಿಸ್ಟರ್. ಭಕ್ತಿಯೆಂದು ತಿಳಿದರೋ ಏನೋ. ಹೆಗಲ ಮೇಲೆ ಬಿದ್ದ ಎಸಳೊಂದನ್ನು ಜೇಬಿಗೆ ಹಾಕಿಕೊಂಡೆ.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಮಹಡಿಯಿಂದ ಒಂದು ಕಲ್ಲು, ಒಂದು ಹಿಡಿ ದಾಸವಾಳದ ಎಸಳು ಹಾಕಿ, ಬಿದ್ದ ಬಗೆಯನ್ನು ಅವರವರ ಮನೆಮಾತಿನಲ್ಲಿ ಹೇಳಿ ಎಂದೆ. ಕನ್ನಡ ಬಂತು, ಉರ್ದು, ತೆಲುಗು ಬಂದವು. ತಾಂಡಾದ ಹುಡುಗಿಯೊಬ್ಬಳು ಅಂಜುತ್ತಲೇ ತನ್ನದನ್ನೂ ಹೇಳಿದಳು. ನನಗೆ ಉಚ್ಚರಿಸಲು ಬರಲಿಲ್ಲ. ಮೂರು ಸಲ ಹೇಳಿಸಿ ತಿದ್ದಿದಳು. ಮಕ್ಕಳೆಲ್ಲ ನಕ್ಕರು, ಈ ಸಲ ನನ್ನನ್ನು ನೋಡಿ.