ಲೆಕ್ಕಕ್ಕೆ ಬಾರದ ಗಾಳಿ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಆ ವೃದ್ಧ ರೈತನು ಕಡಲನ್ನು ಕಂಡವನಲ್ಲ. ಬಂಗಾಲ ಕೊಲ್ಲಿಯ ತೀರವು ಅಲ್ಲಿಂದ ಮೂಡಲಿಗೆ ನೂರಾರು ಕಿಲೋಮೀಟರ್ ಆಚೆ. ಆತನಿಗೆ ಮಳೆಯೆಂದರೆ ನಕ್ಷತ್ರದ ಹೆಸರು: ಮೃಗಶಿರೆಗೆ ತೊಗರಿ ಬಿತ್ತುವನು, ಹಸ್ತ ಚಿತ್ತೆಗಳ ಹಸಿಯನ್ನು ನಂಬಿ ಬಿಳಿಜೋಳ ಬಿತ್ತುವನು.

ಕಲಬುರಗಿಯಲ್ಲಿ ಓದುವ ಮೊಮ್ಮಗನು ರಜೆಗೆ ಬಂದವನು ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು, ಋತುವಿಗೆ ಮುಂಚೆಯೇ ಚಂಡಮಾರುತಗಳನ್ನು ಎಣಿಸುವ ವಿದ್ಯೆಯನ್ನು ಮುತ್ಯಾನಿಗೆ ವಿವರಿಸಿದನು. ಅಮೇರಿಕೆಯ ವಿಲಿಯಂ ಗ್ರೇ ಎಂಬವರು 1984ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಂಥ ಮುನ್ಸೂಚನೆಯನ್ನು ಆರಂಭಿಸಿದರು. ಕಡಲಿನ ಕಾವು, ಮೇಲ್ಗಾಳಿಯ ಗತಿ ಇವುಗಳೇ ಅದಕ್ಕೆ ಆಧಾರ. ಶಾಂತಸಾಗರದ ನಡುವಣ ನೀರು ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ಬಂಗಾಲ ಕೊಲ್ಲಿಯ ಹಿಂಗಾರು ಚಂಡಮಾರುತಗಳಿಗೆ ಅನುಕೂಲ ಹೆಚ್ಚೆಂದು ತಿಳಿದವರು ಹೇಳುವರು. 2020 ಅಂಥ ವರ್ಷ. ನಮ್ಮ ಎರಡು ಕಡಲುಗಳಲ್ಲಿ ಕೂಡಿ ವರ್ಷಕ್ಕೆ ಸರಾಸರಿ ಐದು ಚಂಡಮಾರುತಗಳು. ಆ ವರ್ಷವೂ ಐದೇ: ಅಂಫಾನ್, ನಿಸರ್ಗ, ಗತಿ, ನಿವಾರ್, ಬುರೇವಿ.

ಮುತ್ಯಾ ಎಲ್ಲವನ್ನೂ ಕೇಳಿ, "ಅದರಾಗ ನಮ್ಮ ಚಿತ್ತಿ ಮಳಿ ಅದ ಏನೋ, ತಮ್ಮಾ?" ಎಂದನು.

ಇರಲಿಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡವೇರಿದ ಗಾಳಿಗೆ ಹೆಸರೇ ಇಲ್ಲ. ಗಂಟೆಗೆ 62 ಕಿಲೋಮೀಟರಿನ ವೇಗವನ್ನು ಮುಟ್ಟಿದರೆ ಮಾತ್ರ ಚಂಡಮಾರುತವೆಂಬ ಗೌರವ. ಇದು ತೀವ್ರ ವಾಯುಭಾರ ಕುಸಿತವೆಂಬಲ್ಲಿಗೇ ನಿಂತಿತು. ನಿಂತರೇನು? ತೆಲಂಗಾಣವನ್ನು ತೋಯಿಸಿ ಇತ್ತ ಹೊರಳಿತು. ಮೇಲಿನ ಮಹಾರಾಷ್ಟ್ರದ ನೀರೂ ಕೂಡಿಕೊಂಡು ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಊರುಗಳನ್ನು ನುಗ್ಗಿತು. ಹೊಳೆ ಮುಟ್ಟದ ಮುತ್ಯಾನ ಹೊಲದಲ್ಲಿಯೂ ನೀರು ನಿಂತಿತು. ಎರೆಭೂಮಿ ನೀರನ್ನು ಬೇಗ ಬಿಡುವುದಿಲ್ಲ. ಬೇರು ಉಸಿರುಗಟ್ಟಿ ಮೊಗ್ಗಿಗೆ ಬಂದ ತೊಗರಿ ನಿಂತಲ್ಲೇ ಒಣಗಿತು.

ಮೊಮ್ಮಗನ ಅಂಕಿಗಳು ಸುಳ್ಳಲ್ಲ. ಕಡಲಂಚಿನ ಬೆಸ್ತನಿಗೆ, ಬಂದರಿಗೆ, ವಿಮೆಯವರಿಗೆ ಅವು ಬೇಕು. ಎಷ್ಟೆಂಬುದನ್ನು ಅವು ಸುಮಾರಾಗಿ ಹೇಳಬಲ್ಲವು. ಎಲ್ಲಿ, ಯಾವ ವಾರ ಎಂಬುದನ್ನು ಹೇಳಲಾರವು. ಮುತ್ಯಾನಿಗೆ ಬೇಕಾದುದು ಆ ವಾರವೇ. (ಪಂಚಾಂಗವೂ ಅದನ್ನು ಹೇಳದು; ಆದರೂ ಅದರ ಮೇಲೆ ಆತನಿಗೆ ಸಿಟ್ಟಿಲ್ಲ!)

ಅಂದಿನಿಂದ ಹಸ್ತ ಹುಟ್ಟಿತೆಂದರೆ ಆತನು ಸಲಿಕೆ ಹಿಡಿದು ಹೊಲದ ತಗ್ಗಿನ ಬದುವಿನ ಬಳಿ ನಿಲ್ಲುವನು. ಬದುವನ್ನು ಒಡೆದು ದಾರಿ ಮಾಡಿದರೆ ತೊಗರಿ ಉಳಿದೀತು. ಆಮೇಲೆ ಮಳೆ ಕೈಕೊಟ್ಟರೆ ಜೋಳಕ್ಕೆ ಹಸಿ ಸಾಲದು. ಈ ಸಲ ಮೊಮ್ಮಗನೂ ಜೊತೆಗೆ ಹೋದನು. ಇಬ್ಬರೂ ಮೂಡಲ ಮೋಡವನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದು, ಕಡೆಗೆ ಬದುವನ್ನು ಅರ್ಧ ಮಾತ್ರ ಕಡಿದು ಮನೆಗೆ ಬಂದರು.